ಕಿಚನರ್ ಹಿತ್ತಲಿನ ಆಲೆಮನೆ: ನಾಲ್ಕು ಚಳಿಗಾಲಗಳ ಮೇಪಲ್ ಪಾಕ

ಈ ವರ್ಷ ಏಪ್ರಿಲ್ ಮೊದಲ ವಾರಕ್ಕೆ ನಮ್ಮ ನೆಲಮಾಳಿಗೆಯ ಕಪಾಟಿನಲ್ಲಿ ಅರ್ಧ ಲೀಟರಿನ ಹದಿನಾಲ್ಕು ಸೀಸೆ ಮೇಪಲ್ ಸಿರಪ್, ಅಂದರೆ ಮೇಪಲ್ ಮರದ ರಸವನ್ನು ಕುದಿಸಿ ಇಳಿಸಿದ ಸಿಹಿ ಪಾಕ, ಸಾಲಾಗಿ ನಿಂತಿತು. ಕೆನಡಾದ ಒಂಟಾರಿಯೊ ಪ್ರಾಂತದ ಕಿಚನರ್ ನಗರದ ಹಳೆಯ ಬಡಾವಣೆಯಲ್ಲಿ, ಶುಗರ್ ಮೇಪಲ್ ಜಾತಿಯ ಒಂದೇ ಒಂದು ಮರವೂ ಸ್ವಂತಕ್ಕಿಲ್ಲದವನು ಇಷ್ಟನ್ನು ಇಳಿಸಿದ್ದೇನೆಂದರೆ, ಇದು ಆಗುವ ಕೆಲಸವಲ್ಲ ಎಂದು ಮೂರು ವರ್ಷ ಹೇಳುತ್ತಲೇ ಬಂದವರು ಈಗಲಾದರೂ ಸುಮ್ಮನಾಗಬೇಕು. ಅಂಥವರಲ್ಲಿ ಮುಖ್ಯರು ಇಬ್ಬರು. ಒಬ್ಬರು ಪಕ್ಕದ ಮನೆಯ ನಿವೃತ್ತ ರೈತರು. ಬಾಲ್ಯವನ್ನೆಲ್ಲ ಸಿರಪ್ಪಿನ ಕಾಡಿನಲ್ಲೇ ಕಳೆದ ಅವರಿಗೆ ನನ್ನ ಹಿತ್ತಲಿನ ಸಿಲ್ವರ್ ಮೇಪಲ್ ಮತ್ತು ಮ್ಯಾನಿಟೋಬಾ ಮೇಪಲ್‌ಗಳು ಮರಗಳೇ ಅಲ್ಲ, ಕಳೆ. ಇನ್ನೊಬ್ಬರು ಸಿದ್ದಾಪುರದ ಕಡೆಯ ನನ್ನ ದೊಡ್ಡಪ್ಪ. ನಲವತ್ತು ವರ್ಷ ಆಲೆಮನೆ ನಡೆಸಿದ ಅವರು ಫೋನಿನಲ್ಲಿ ಲೆಕ್ಕ ಕೇಳಿದವರೇ, "ಐವತ್ತು ಕೊಡ ಕುದಿಸಿದರೆ ಒಂದು ಕೊಡ ಜೋನಿ ಬೆಲ್ಲವೋ? ತಮಾ, ಅದು ಬೆಲ್ಲ ಮಾಡುವುದಲ್ಲ, ಕಟ್ಟಿಗೆ ಸುಡುವುದು" ಎಂದು ನಕ್ಕಿದ್ದರು.

ಅವರ ಲೆಕ್ಕದಲ್ಲಿ ತಪ್ಪಿರಲಿಲ್ಲ. ಕಬ್ಬಿನ ಹಾಲಿನಲ್ಲಿ ಸಕ್ಕರೆ ಸೇಕಡಾ ಹದಿನೈದಕ್ಕಿಂತ ಮೇಲೆಯೇ ಇರುತ್ತದೆ; ಒಳ್ಳೆಯ ಶುಗರ್ ಮೇಪಲ್ ರಸದಲ್ಲಿ ಎರಡರ ಆಸುಪಾಸು, ನನ್ನ ಕಳೆ ಮರಗಳಲ್ಲಿ ಒಂದೂವರೆ. 86ನ್ನು ಸಕ್ಕರೆಯ ಶೇಕಡಾಂಶದಿಂದ ಭಾಗಿಸುವ ಹಳೆಯ ಸೂತ್ರವನ್ನು ಈ ಕೆಲಸಕ್ಕೆ ಕೈಹಾಕಿದವರೆಲ್ಲ ಬಲ್ಲರು. ಅದರ ಪ್ರಕಾರ ನನ್ನ ಮರಗಳಲ್ಲಿ ಒಂದು ಲೀಟರ್ ಸಿರಪ್ಪಿಗೆ ಸುಮಾರು ಐವತ್ತೇಳು ಲೀಟರ್ ರಸ ಬೇಕು. ನಾನು ಸೋತದ್ದೆಲ್ಲ ಈ ನೀರನ್ನು ಓಡಿಸುವ ದಾರಿಯಲ್ಲೇ ಹೊರತು ಮರಕ್ಕೆ ತೂತು ಕೊರೆಯುವುದರಲ್ಲಲ್ಲ.

ಮೊದಲ ವರ್ಷ ರಸ ಇಳಿಸಲು ಮರಗಳಿಗೆ ನಾಲ್ಕು ನಳಿಕೆ ಹೊಡೆದಿದ್ದೆ. ಸಿಕ್ಕ ಮೊದಲ ಇಪ್ಪತ್ತು ಲೀಟರನ್ನು ಹೊರಗಿನ ಚಳಿಗೆ ಹೆದರಿ ಅಡುಗೆಮನೆಯ ವಿದ್ಯುತ್ ಒಲೆಯ ಮೇಲೆಯೇ ಇಟ್ಟೆ. ಮನೆಯೊಳಗೆ ಕುದಿಸಬೇಡಿ ಎಂದು ಎಲ್ಲರೂ ಹೇಳುತ್ತಾರೆ, ಯಾರೂ ಕೇಳುವುದಿಲ್ಲ; ನಾನೂ ಕೇಳಲಿಲ್ಲ. ರಾತ್ರಿ ಹತ್ತರ ಹೊತ್ತಿಗೆ ಕಿಟಕಿಯ ಗಾಜಿನಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು, ಚಾವಣಿಯಿಂದ ಹನಿ ಬೀಳುತ್ತಿತ್ತು, ಹೊಗೆಯ ಗಂಟೆ ಎರಡು ಸಲ ಕೂಗಿತ್ತು, ಹೆಂಡತಿಯ ಸಾರಿನ ಪುಡಿ ಡಬ್ಬಿಯಲ್ಲೇ ಮುದ್ದೆಯಾಗಿತ್ತು. ಮರುದಿನದಿಂದ ಪ್ರೊಪೇನ್ ಒಲೆಯನ್ನು ಹಿತ್ತಲಿಗೆ ಸಾಗಿಸಿದೆ. ಆ ವರ್ಷ ಒಟ್ಟು ಎಪ್ಪತ್ತೈದು ಲೀಟರ್ ರಸಕ್ಕೆ ಎರಡು ಸಿಲಿಂಡರ್ ಸುಟ್ಟು ಸಿಕ್ಕಿದ್ದು ಒಂದೂಕಾಲು ಲೀಟರ್. ಅನಿಲಕ್ಕೇ ಅರವತ್ತು ಡಾಲರ್ ಆಗಿತ್ತು. ಅಂಗಡಿಯಲ್ಲಿ ಅಷ್ಟೇ ಸಿರಪ್ಪಿಗೆ ಇಪ್ಪತ್ತೈದರಿಂದ ಮೂವತ್ತು. ಸಾಲದ್ದಕ್ಕೆ ಹದ ಬರುವ ಮೊದಲೇ ಇಳಿಸಿದ್ದರಿಂದ ಪಾಕ ತೆಳುವಾಗಿ, ಮೇ ತಿಂಗಳಲ್ಲಿ ಸೀಸೆಯ ಮುಚ್ಚಳ ತೆಗೆದರೆ ಬೂಷ್ಟು ಹಿಡಿದು ಹುಳಿ ವಾಸನೆ ಹೊಡೆಯುತ್ತಿತ್ತು. ಜೋನಿ ಬೆಲ್ಲದ ಊರಿನಲ್ಲಿ ಹುಟ್ಟಿದವನಿಗೆ ಆಗಬಾರದ ಅವಮಾನ ಅದು.

ಎರಡನೆಯ ವರ್ಷದ ತಪ್ಪು ಊರಿನ ಮೇಲಿನ ಅಭಿಮಾನದಿಂದ ಆದದ್ದು. ನಮ್ಮ ಕಡೆ ಕೊಪ್ಪರಿಗೆಯ ಒಲೆ ನೆಲದಲ್ಲೇ ಇರುತ್ತದೆ: ಒಂದು ಬದಿಯಲ್ಲಿ ಬೆಂಕಿ ಉಣಿಸುವ ಬಾಯಿ, ಎದುರು ಬದಿಯಲ್ಲಿ ಹೊಗೆ ಹೋಗುವ ಗೂಡು. ಅದನ್ನೇ ಇಲ್ಲಿ ಕಟ್ಟುತ್ತೇನೆಂದು ಹೊರಟೆ. ಮಾರ್ಚಿನಲ್ಲಿ ನೆಲಕ್ಕೆ ಗುದ್ದಲಿ ಹಾಕಿದರೆ ಬಂಡೆಗೆ ಹಾಕಿದಂತೆ ಎಂಬುದು ಗೊತ್ತಿತ್ತಾದ್ದರಿಂದ ಅಕ್ಟೋಬರಿನಲ್ಲೇ ಗುಂಡಿ ತೋಡಿ, ಹಲಗೆ ಮುಚ್ಚಿ, ಬಹಳ ಜಾಣತನ ಮಾಡಿದೆನೆಂದುಕೊಂಡಿದ್ದೆ. ಮಾರ್ಚ್ ಎರಡನೆಯ ವಾರ ಹಲಗೆ ತೆಗೆದರೆ ಗುಂಡಿಯ ತುಂಬ ಕರಗಿದ ಹಿಮದ ನೀರು, ಅದರ ಮೇಲೆ ಒಂದು ಪದರ ಮಂಜುಗಡ್ಡೆ. ಬಕೆಟ್ಟಿನಲ್ಲಿ ಮೊಗೆದಷ್ಟೂ ಪಕ್ಕದಿಂದ ಒಸರುತ್ತಿತ್ತು. ಪಕ್ಕದ ಮನೆಯ ಹಿರಿಯರು ಬೇಲಿಯ ಮೇಲೆ ಮೊಣಕೈ ಊರಿ, ಇದು ಬಾತುಕೋಳಿಗೆ ಕಟ್ಟಿದ್ದೇ ಎಂದು ಕೇಳಿದರು. ಅದೇ ವರ್ಷ ಹಳ್ಳಿಯ ಹರಾಜೊಂದರಲ್ಲಿ ತಲಾ ಐದು ಡಾಲರಿಗೆ ಹನ್ನೆರಡು ಹಳೆಯ ತಗಡಿನ ಬಕೆಟ್ ಕೊಂಡಿದ್ದೆ. ಹಳೆಯ ಬಕೆಟ್ಟುಗಳ ಬೆಸುಗೆಯಲ್ಲಿ ಸೀಸ ಇರಬಹುದೆಂಬುದು ಆಮೇಲೆ ತಲೆಗೆ ಹೊಳೆಯಿತು. ಈಗ ಅವುಗಳಲ್ಲಿ ಚೆಂಡುಹೂವು ಬೆಳೆಯುತ್ತದೆ.

ಮೂರನೆಯ ವರ್ಷ ಒಲೆಯನ್ನು ನೆಲದ ಮೇಲಕ್ಕೆ ತಂದೆ. ನಗರದಲ್ಲಿ ಬಯಲಿನ ಬೆಂಕಿಗೆ ನಿಯಮಗಳಿವೆ. ಮೊದಲು ಅದನ್ನು ವಿಚಾರಿಸಿಕೊಳ್ಳಿ, ಊರಿಂದೂರಿಗೆ ಬೇರೆ ಬೇರೆ ಇರುತ್ತದೆ. ಸಿಮೆಂಟ್ ಬ್ಲಾಕುಗಳ ಎರಡು ಸಾಲು, ಒಳಗಡೆ ಬೆಂಕಿ ಇಟ್ಟಿಗೆಯ ಹೊದಿಕೆ, ಹಿಂದೆ ಆರಡಿಯ ಹೊಗೆ ಕೊಳವೆ, ಮೇಲೆ ಹೋಟೆಲಿನವರು ಊಟ ಬಿಸಿಯಿಡಲು ಬಳಸುವ ಚೌಕದ ಎರಡು ಸ್ಟೀಲ್ ತಟ್ಟೆಗಳು. ಒಟ್ಟು ಇನ್ನೂರು ಡಾಲರಿನ ಒಳಗೇ ಮುಗಿಯಿತು. ಇಟ್ಟಿಗೆ ಹೊದಿಸದೆ ಬರೀ ಬ್ಲಾಕಿನ ಮೇಲೆ ನಂಬಿಕೆಯಿಟ್ಟರೆ ಎರಡನೆಯ ದಿನವೇ ಸೀಳುತ್ತವೆ, ನನ್ನವು ಸೀಳಿದ್ದವು. ಕಟ್ಟಿಗೆಗೆ ಒಂದು ಕಾಸೂ ಹೋಗಲಿಲ್ಲ. 2002ರಲ್ಲಿ ವಿಂಡ್ಸರ್ ಕಡೆ ಕಾಣಿಸಿಕೊಂಡ ಹಸಿರು ಕೊರಕ ಹುಳು ಈ ಪ್ರಾಂತದ ಆಶ್ ಮರಗಳನ್ನು ಒಣಗಿಸುತ್ತ ಬಂದಿರುವುದರಿಂದ, ಕಡಿದ ಆಶ್ ಕೊರಡನ್ನು ಒಯ್ದರೆ ಸಾಕು ಎನ್ನುವವರು ಇಲ್ಲಿ ಬೇಕಾದಷ್ಟಿದ್ದಾರೆ. ಒಂದು ನಾಡಿನ ಮರ ಸತ್ತು ಇನ್ನೊಂದು ಮರದ ಪಾಕಕ್ಕೆ ಉರುವಲಾಗುವುದನ್ನು ನೋಡಿ ಸಂತೋಷಪಡಬೇಕೋ ಬೇಡವೋ ನನಗೆ ಇನ್ನೂ ತಿಳಿದಿಲ್ಲ. ಹೊಗೆಯ ಎಳೆತ ಸರಿಬರಲು ಒಲೆಯ ಹಿಂಬದಿಯಲ್ಲಿ ಇಟ್ಟಿಗೆಗಳನ್ನು ಏರಿಸಿರುವ ಕ್ರಮವೊಂದಿದೆ. ಅದು ದೊಡ್ಡಪ್ಪನಿಂದ ಬಂದದ್ದು, ಅವರ ಅಪ್ಪಣೆಯಿಲ್ಲದೆ ಇಲ್ಲಿ ಬರೆಯುವುದಿಲ್ಲ.

ಒಲೆ ಉರಿಯಿತು, ಪಾಕ ಕೆಟ್ಟಿತು. ಸಿಲ್ವರ್ ಮೇಪಲ್ ಶುಗರ್ ಮೇಪಲ್‌ಗಿಂತ ಬಹಳ ಮೊದಲು ಮೊಗ್ಗು ಬಿಡುತ್ತದೆ, ಮೊಗ್ಗು ಊದಿಕೊಂಡ ಮೇಲೆ ರಸಕ್ಕೆ ಬೇರೆಯದೇ ವಾಸನೆ ಬರುತ್ತದೆ. ನಾನು ಮರ ನೋಡದೆ ಕ್ಯಾಲೆಂಡರ್ ನೋಡುತ್ತಿದ್ದೆ. ಕೊನೆಯ ವಾರದ ಸಿಲ್ವರ್ ಮೇಪಲ್ ರಸವನ್ನು ಒಳ್ಳೆಯ ರಸದೊಂದಿಗೆ ಬೆರೆಸಿ ಎಂಟು ಗಂಟೆ ಕಾಸಿದ ಮೇಲೆ ಒಲೆಯ ಸುತ್ತ ಬೇಯಿಸಿದ ಎಲೆಕೋಸಿನ ವಾಸನೆ ಹರಡಿತು. ತಂಪಾದ ಮೇಲೆ ಹೋಗಬಹುದು ಎಂದು ಕಾದೆ, ಹೋಗಲಿಲ್ಲ. ಎರಡು ಲೀಟರಿನಷ್ಟನ್ನು ಕಾಂಪೋಸ್ಟ್ ಗುಂಡಿಗೆ ಸುರಿದೆ. ಈಗ ಫೆಬ್ರವರಿ ಮಧ್ಯದಿಂದಲೇ ದುರ್ಬೀನಿನಲ್ಲಿ ತುದಿಕೊಂಬೆಗಳನ್ನು ನೋಡುತ್ತೇನೆ, ಮೊಗ್ಗು ಕೆಂಪಾಗಿ ಉಬ್ಬಿದ ದಿನವೇ ಆ ಮರದ ನಳಿಕೆ ಕೀಳುತ್ತೇನೆ.

ನಾಲ್ಕನೆಯ ವರ್ಷ ಕೆಲಸ ಗೆಲ್ಲಿಸಿದ್ದು ಬೆಂಕಿಯಲ್ಲ, ಮಂಜುಗಡ್ಡೆ. ಸೊನ್ನೆಯ ಕೆಳಗೆ ಆರೇಳು ಡಿಗ್ರಿ ಇಳಿಯುವ ರಾತ್ರಿ ಬಕೆಟ್ಟಿನ ರಸದ ಮೇಲೆ ಗಡ್ಡೆ ಕಟ್ಟುತ್ತದೆ, ಅದರಲ್ಲಿ ಹೆಚ್ಚಿನದು ಬರೀ ನೀರು. ಬೆಳಿಗ್ಗೆ ಅದನ್ನು ಎತ್ತಿ ಎಸೆದರೆ ಉಳಿದ ರಸ ಆಗಲೇ ಗಟ್ಟಿ. ಇದು ನನ್ನ ಕಂಡುಹಿಡಿತವಲ್ಲ. ಲೋಹದ ಪಾತ್ರೆಗಳು ಬರುವ ಮುಂಚೆ ಈ ನೆಲದ ಮೂಲಜನರು ಮರದ ತೊಟ್ಟಿಗಳಲ್ಲಿ ರಸ ಹೆಪ್ಪುಗಟ್ಟಿಸಿ ಗಡ್ಡೆ ತೆಗೆಯುತ್ತಿದ್ದರು, ಕಾಯಿಸಿದ ಕಲ್ಲುಗಳನ್ನು ರಸಕ್ಕೆ ಹಾಕಿ ಕುದಿಸುತ್ತಿದ್ದರು. ಅನಿಶಿನಾಬೆ ಜನರ ಪಂಚಾಂಗದಲ್ಲಿ ಸಕ್ಕರೆ ಕಾಸುವ ಚಂದ್ರಮಾನ ಮಾಸವೇ ಒಂದಿದೆ. ಹೌಡೆನೊಶೋನಿ ಜನರು ಮೇಪಲ್ ಮರಕ್ಕೆ ಕೃತಜ್ಞತೆ ಹೇಳುವ ಆಚರಣೆ ಮಾಡುತ್ತಾರೆ. ನನ್ನ ಹಿತ್ತಲಿರುವ ಗ್ರ್ಯಾಂಡ್ ನದಿಯ ಇಕ್ಕೆಲದ ಆರಾರು ಮೈಲಿ ನೆಲವನ್ನು 1784ರಲ್ಲಿ ಬರೆದುಕೊಟ್ಟದ್ದು ಅವರಿಗೇ ಎಂಬುದನ್ನು ನಳಿಕೆ ಹೊಡೆಯುವಾಗ ನೆನೆಯದೆ ಇರಲಾಗುವುದಿಲ್ಲ.

ಇದರಲ್ಲೂ ಮೊದಲ ವಾರ ಎಡವಿದೆ. ಒಂದು ರಾತ್ರಿ ಚಳಿ ಸೊನ್ನೆಯ ಕೆಳಗೆ ಹದಿನೈದಕ್ಕೆ ಇಳಿದು ಬಕೆಟ್ ಪೂರ್ತಿ ಕಲ್ಲಾಯಿತು. ಗಡ್ಡೆಯೆಂದು ಅಷ್ಟನ್ನೂ ಎಸೆದೆ. ನಾಲಿಗೆಗೆ ಹಚ್ಚಿ ನೋಡಿದಾಗ ಸಿಹಿ ಇತ್ತು. ಅಂದೇ ಇಪ್ಪತ್ತೈದು ಡಾಲರ್ ಕೊಟ್ಟು ರಸದ ಸಕ್ಕರೆ ಅಳೆಯುವ ರಿಫ್ರಾಕ್ಟೋಮೀಟರ್ ತರಿಸಿದೆ, ಈ ಕೆಲಸಕ್ಕೆ ಹಾಕಿದ ದುಡ್ಡಿನಲ್ಲಿ ಅತ್ಯಂತ ಸಾರ್ಥಕವಾದದ್ದು ಅದೇ. ಈಗ ಪರಿಮಾಣದ ಮೂರನೆಯ ಒಂದು ಭಾಗ, ಹೆಚ್ಚೆಂದರೆ ಐದರಲ್ಲಿ ಎರಡು ಭಾಗ ಗಡ್ಡೆಯಾದಾಗ ತೆಗೆಯುತ್ತೇನೆ; ಒಂದು ಮುಕ್ಕಾಲರ ಆಸುಪಾಸಿನ ಸಕ್ಕರೆ ಎರಡೂವರೆಯ ಮೇಲಕ್ಕೆ ಬರುತ್ತದೆ. ಗಡ್ಡೆಯೊಂದಿಗೆ ಸ್ವಲ್ಪ ಸಕ್ಕರೆ ಹೋಗುವುದು ನಿಜ. ಅದರ ಮೇಲಿನ ಆಸೆಯಿಂದ ಗಡ್ಡೆಯನ್ನು ಕರಗಿಸಿ ಮತ್ತೆ ಕಾಸಲು ಹೋದರೆ ಕಟ್ಟಿಗೆಯೂ ಹೋಗುತ್ತದೆ, ರಾತ್ರಿಯೂ ಹೋಗುತ್ತದೆ.

ಈ ವರ್ಷ ನಳಿಕೆಗಳು ಒಂಬತ್ತು. ನನ್ನ ಸಿಲ್ವರ್ ಮೇಪಲ್‌ಗಳಲ್ಲಿ ಮೂರು, ಮ್ಯಾನಿಟೋಬಾ ಮೇಪಲ್‌ಗಳಲ್ಲಿ ಎರಡು. ಉಳಿದ ನಾಲ್ಕು ಪಕ್ಕದ ಮನೆಯವರ ಅಂಗಳದ ಎರಡು ದೊಡ್ಡ ಶುಗರ್ ಮೇಪಲ್‌ಗಳಲ್ಲಿ; ಒಲೆ ನೆಲದ ಮೇಲೆ ಬಂದದ್ದನ್ನು ನೋಡಿದ ಮೇಲೆ ಅವರು ತಾವಾಗಿಯೇ ಕೊಟ್ಟದ್ದು, ಬಾಡಿಗೆ ಎರಡು ಸೀಸೆ. ಒಟ್ಟು ರಸ ಮುನ್ನೂರೆಂಬತ್ತು ಲೀಟರಿನ ಹತ್ತಿರ, ಗಡ್ಡೆ ತೆಗೆದ ಮೇಲೆ ಇನ್ನೂರಿಪ್ಪತ್ತು. ಎರಡು ತಟ್ಟೆ ಸೇರಿ ಗಂಟೆಗೆ ಹತ್ತು ಹನ್ನೊಂದು ಲೀಟರ್ ಆವಿಯಾಗುತ್ತದೆ. ಮೂರು ಶನಿವಾರ ಬೆಳಗಿನಿಂದ ರಾತ್ರಿಯವರೆಗೆ ಕುಳಿತೆ. ತಣ್ಣನೆಯ ರಸವನ್ನು ಒಮ್ಮೆಲೇ ಸುರಿದರೆ ಕುದಿ ಸತ್ತುಹೋಗುತ್ತದೆ. ತಳದಲ್ಲಿ ಮೊಳೆಯಿಂದ ತೂತು ಮಾಡಿದ ಡಬ್ಬಿಯೊಂದನ್ನು ಹಿಂದಿನ ತಟ್ಟೆಯ ಮೇಲೆ ಕಟ್ಟಿ, ಎಳೆಯಾಗಿ ಇಳಿಯುವಂತೆ ಮಾಡಿದ್ದೇನೆ. ನೊರೆ ಉಕ್ಕಿದಾಗ ಇಲ್ಲಿನವರು ಬೆಣ್ಣೆ ಮುಟ್ಟಿಸುತ್ತಾರೆ. ನಾನು ಕಡ್ಡಿಯ ತುದಿಗೆ ತುಪ್ಪ ಹಚ್ಚಿ ನೊರೆಯ ಮೇಲೆ ಒಂದು ಗೆರೆ ಎಳೆಯುತ್ತೇನೆ. ಉಕ್ಕಿ ಬಂದ ನೊರೆ ಗದರಿಸಿದ ಮಗುವಿನಂತೆ ಕೂಡಲೇ ಕುಗ್ಗುತ್ತದೆ.

ಕೊನೆಯ ಹದವನ್ನು ಮಾತ್ರ ಚಿಕ್ಕ ಪಾತ್ರೆಯಲ್ಲಿ, ಅಡುಗೆಮನೆಯಲ್ಲಿ ಹಿಡಿಯುತ್ತೇನೆ. ನೀರು ಕುದಿಯುವ ಬಿಂದುವಿಗಿಂತ ನಾಲ್ಕು ಡಿಗ್ರಿ ಮೇಲೆ ಎಂಬುದು ಲೆಕ್ಕ; ಗಾಳಿಯ ಒತ್ತಡ ಬದಲಾದರೆ ನೀರಿನ ಕುದಿಬಿಂದುವೂ ಬದಲಾಗುವುದರಿಂದ ಆಯಾ ದಿನ ಬರೀ ನೀರು ಕುದಿಸಿ ನೋಡಿಕೊಳ್ಳಬೇಕು. ಆದರೂ ನನ್ನ ನಂಬಿಕೆ ಥರ್ಮಾಮೀಟರಿಗಿಂತ ಸೌಟಿನ ಮೇಲೆಯೇ. ಎತ್ತಿ ಓರೆಮಾಡಿದ ಸೌಟಿನ ಅಂಚಿನಿಂದ ಮೊದಲು ಹನಿ ಹನಿಯಾಗಿ ಬೀಳುತ್ತಿದ್ದ ಪಾಕ, ಒಂದು ಕ್ಷಣದಲ್ಲಿ ಎರಡು ಹನಿ ಕೂಡಿ, ಅಗಲವಾದ ಸೆರಗಿನಂತೆ ಜೋತು, ಬೀಳಲು ಹಿಂದುಮುಂದು ನೋಡುತ್ತದೆ. ಆಗ ಇಳಿಸಬೇಕು. ಮೀಟರಿನಲ್ಲಿ ಸಕ್ಕರೆ ಸೇಕಡಾ 66ರಿಂದ 67 ಬರುತ್ತದೆ. ಕೆನಡಾದ ನಿಯಮದಲ್ಲಿ ಸಿರಪ್ ಎನ್ನಿಸಿಕೊಳ್ಳಲು ಕನಿಷ್ಠ 66 ಇರಬೇಕು. ಮ್ಯಾನಿಟೋಬಾ ಮೇಪಲ್ ಪಾಕದಲ್ಲಿ ತಳಕ್ಕಿಳಿಯುವ ಖನಿಜದ ಹುಡಿ, ಇಲ್ಲಿನವರು ಸಕ್ಕರೆ ಮರಳು ಎನ್ನುವುದು, ಬಹಳ. ಉಣ್ಣೆಯ ಸೋಸುಬಟ್ಟೆ ಮೂರೇ ನಿಮಿಷದಲ್ಲಿ ಕಟ್ಟಿಕೊಳ್ಳುತ್ತದೆ. ಅದಕ್ಕೆ ನಾನು ಮಾಡಿಕೊಂಡಿರುವ ಉಪಾಯ ಬಹಳ ಸರಳವಾದದ್ದು, ಅಡುಗೆಮನೆಯಲ್ಲೇ ಇರುವ ವಸ್ತುವಿನದು. ಇನ್ನೊಂದು ವರ್ಷ ಪರೀಕ್ಷಿಸುವವರೆಗೆ ಅದು ನನ್ನಲ್ಲೇ ಇರಲಿ.

ಕೈ ಸುಮ್ಮನಿರದೆ ಮಾಡಿದ ಬೇರೆ ಪ್ರಯೋಗಗಳೂ ಇವೆ. ಆಲೆಮನೆಯಲ್ಲಿ ಕೊಳೆ ತೆಗೆಯಲು ಸುಣ್ಣ ಹಾಕುತ್ತಾರಲ್ಲ ಎಂದು ಐದು ಲೀಟರ್ ರಸಕ್ಕೆ ಕಡಲೆಕಾಳಿನಷ್ಟು ಸುಣ್ಣ ಹಾಕಿದೆ. ಪಾಕ ಇದ್ದಿಲಿನಂತೆ ಕಪ್ಪಾಗಿ, ಮೇಪಲ್ಲಿನ ಪರಿಮಳವೆಲ್ಲ ಹೋಗಿ, ಕಳಪೆ ಬೆಲ್ಲದ ರುಚಿ ಬಂತು. ಬೆಂಡೆಯ ಲೋಳೆ ಹಾಕಿ ನೋಡಿದೆ. ಕೊಳೆ ಏನೋ ಮೇಲೆ ಬಂತು, ಆದರೆ ಬೆಂಡೆಗೆ ಕೊಟ್ಟ ದುಡ್ಡಿಗೆ ಸಮವಾಗಲಿಲ್ಲ. ಆಲೆಮನೆಯ ದಿನಗಳಲ್ಲಿ ಕಬ್ಬಿನ ಹಾಲಿನಿಂದ ಮಾಡುವ ತೊಡದೇವನ್ನು ಮೇಪಲ್ ರಸದಲ್ಲಿ ಮಾಡಬೇಕೆಂಬುದು ಹೆಂಡತಿಯ ಹಟ. ಹಸಿ ರಸದಲ್ಲಿ ಅಕ್ಕಿ ರುಬ್ಬಿ, ಬೋರಲು ಹಾಕಿದ ಕಬ್ಬಿಣದ ಬಾಣಲೆಗೆ ಬಟ್ಟೆಯಿಂದ ಸವರಿದರೆ ಬಂದದ್ದು ಸಪ್ಪೆ ಹಾಳೆ. ರಸವನ್ನು ಹತ್ತರಲ್ಲಿ ಒಂದು ಪಾಲಿಗೆ ಇಳಿಸಿ, ಅಂದರೆ ಕಬ್ಬಿನ ಹಾಲಿನ ಸಿಹಿಗೆ ತಂದು, ಮತ್ತೆ ಮಾಡಿದೆವು. ಮೂರು ಅಂಟಿಕೊಂಡು ಹರಿದವು, ನಾಲ್ಕನೆಯದು ಪೇಪರಿನಂತೆ ಪೂರ್ತಿ ಎದ್ದುಬಂತು. ಮಾರ್ಚ್ ಕೊನೆಗೆ ಬಂದ ಯುಗಾದಿಯ ಬೇವುಬೆಲ್ಲಕ್ಕೂ ಈ ಪಾಕವನ್ನೇ ಹಾಕಿದೆವು. ಮಕ್ಕಳು ಬೇವನ್ನು ಬಿಟ್ಟು ಉಳಿದದ್ದನ್ನು ನೆಕ್ಕಿದರು. ಕ್ವಿಬೆಕ್ಕಿನವರಂತೆ ಬಿಸಿ ಪಾಕವನ್ನು ಹಿಮದ ಮೇಲೆ ಸುರಿದು ಕಡ್ಡಿಗೆ ಸುತ್ತಿ ತಿನ್ನುವುದನ್ನು ಹೇಳಿಕೊಡಬೇಕಾಗಲಿಲ್ಲ, ಅವರಿಗೆ ಶಾಲೆಯಿಂದಲೇ ಗೊತ್ತಿತ್ತು.

ದುಡ್ಡಿನ ಮಾತು. ನಾಲ್ಕು ವರ್ಷಗಳಲ್ಲಿ ನಳಿಕೆ, ಬಕೆಟ್, ಒಲೆ, ಮೀಟರು, ಸೋಸುಬಟ್ಟೆ, ಆ ಚೆಂಡುಹೂವಿನ ಕುಂಡಗಳನ್ನೂ ಸೇರಿಸಿ, ನಾನ್ನೂರೈವತ್ತು ಡಾಲರಿನಷ್ಟು ಹೋಗಿದೆ. ಈ ವರ್ಷದ ಖರ್ಚು ಮಾತ್ರ ನಲವತ್ತು ದಾಟಿಲ್ಲ, ಇಳಿದದ್ದು ಏಳು ಲೀಟರ್. ಅಂದರೆ ಲೀಟರಿಗೆ ಆರು ಡಾಲರಿನೊಳಗೆ. ನನ್ನ ಮೂರು ಶನಿವಾರಗಳ ಕೂಲಿಯನ್ನು ಯಾರೂ ಕೇಳಬೇಡಿ. ಇದೇ ಲೆಕ್ಕ ಇನ್ನೆರಡು ಮೂರು ವರ್ಷ ನಡೆದರೆ ಹಾಕಿದ ದುಡ್ಡು ಹುಟ್ಟುತ್ತದೆ. ನಮ್ಮಿಂದ ಅರ್ಧ ಗಂಟೆಯೊಳಗಿನ ದಾರಿಯ ಎಲ್ಮಿರಾದಲ್ಲಿ 1965ರಲ್ಲಿ ಶುರುವಾದ ಸಿರಪ್ ಜಾತ್ರೆಗೆ ಈ ಸಲವೂ ಹೋಗಿದ್ದೆ. ಅಲ್ಲಿ ಕೊಂಡ ಸೀಸೆಯನ್ನೂ ನನ್ನದನ್ನೂ ಹೆಸರು ಹೇಳದೆ ಎರಡು ಬಟ್ಟಲಿನಲ್ಲಿಟ್ಟು ಪಕ್ಕದ ಮನೆಯ ಹಿರಿಯರ ಮುಂದೆ ಹಿಡಿದೆ. ಅವರು ಎರಡೆರಡು ಸಲ ರುಚಿ ನೋಡಿ ನನ್ನ ಬಟ್ಟಲನ್ನು ತೋರಿಸಿ, ಇದು ಶುಗರ್ ಮೇಪಲ್‌ದು, ಇನ್ನೊಂದು ನಿನ್ನ ಕಳೆಯದು ಎಂದರು. ನಾನು ತಿದ್ದಿದೆ, ತುಸು ಗಟ್ಟಿಯಾಗಿಯೇ.

ಮೇ ತಿಂಗಳಲ್ಲಿ ಊರಿಗೆ ಹೊರಟಿದ್ದ ಸ್ನೇಹಿತರ ಕೈಯಲ್ಲಿ ದೊಡ್ಡಪ್ಪನಿಗೊಂದು ಸೀಸೆ ಕಳಿಸಿದೆ. ದೋಸೆಗೆ ಹಾಕಿಕೊಂಡು ತಿಂದರಂತೆ. ಫೋನಿನಲ್ಲಿ ಚೆನ್ನಾಗಿದೆ ಎಂದು ಹೇಳಲಿಲ್ಲ. "ಹೊಗೆ ಹಿಡಿದಿದೆ. ಒಲೆಯ ಬಾಯಿ ದೊಡ್ಡದಾಗಿದೆ, ಒಂದು ಇಟ್ಟಿಗೆ ಕಿರಿದು ಮಾಡು" ಎಂದರು. ಒಲೆಯ ಫೋಟೊವನ್ನು ನಾನು ಅವರಿಗೆ ಕಳಿಸಿಯೇ ಇರಲಿಲ್ಲ. ಮೊನ್ನೆ ಟೇಪು ಹಿಡಿದು ಅಳೆದೆ. ಬಾಯಿ ಹದಿನಾರು ಅಂಗುಲ ಇದೆ, ಇಟ್ಟಿಗೆಯಿಟ್ಟರೆ ಹನ್ನೆರಡಕ್ಕೆ ಬರುತ್ತದೆ.