ಹಿಮ್ಮಡಿ ನೋವಿಗೆ ನಾನು ಇಂಜೆಕ್ಷನ್ ಬಿಟ್ಟು ಮೆಟ್ಟಿಲು ಹಿಡಿದಿದ್ದು

ಬೆಳಿಗ್ಗೆ ಎದ್ದು ಕಾಲು ನೆಲಕ್ಕಿಟ್ಟರೆ ಹಿಮ್ಮಡಿಯ ಮೇಲೆ ಚುಳ್ ಅನ್ನುತ್ತಿತ್ತು. ನಾಲ್ಕು ಹೆಜ್ಜೆ ಕುಂಟಿದ ಮೇಲೆ ಸಡಿಲ ಆಗುತ್ತಿತ್ತು. ನಾನು ಮೈಸೂರಿನ ಶಾಲೆಯೊಂದರಲ್ಲಿ ಪಿಟಿ ಮೇಷ್ಟ್ರು. ವಾರಕ್ಕೆರಡು ಸಲ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು, ಉಳಿದ ದಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಓಟ. ನೋವು ಶುರುವಾದ ಮೇಲೂ ಎರಡು ತಿಂಗಳು ಹಾಗೇ ಓಡಿದೆ. ತಪ್ಪು ಮಾಡಿದೆ.

ಫಿಸಿಯೋ ಬೆರಳಲ್ಲಿ ಒತ್ತಿ ನೋಡಿ, ಅಕಿಲಿಸ್ ಟೆಂಡನ್ (ಮೀನಖಂಡವನ್ನು ಹಿಮ್ಮಡಿಗೆ ಕಟ್ಟುವ ಹುರಿ) ದಪ್ಪ ಆಗಿದೆ, ಹರಿದಿಲ್ಲ, ವಾಸಿಯಾಗಲು 12 ವಾರ ಬೇಕು ಅಂದರು.

ಅದೇ ವಾರ ಜಿಮ್ಮಿನಲ್ಲಿ ಪರಿಚಯದ ಹುಡುಗನೊಬ್ಬ ಚಿಕ್ಕ ಸೀಸೆ ತಂದು ತೋರಿಸಿದ. ತಳದಲ್ಲಿ ಬಿಳಿ ಪುಡಿ. ಬಿಪಿಸಿ-157 ಅಂತ ಹೆಸರು. "ಸಾರ್, ಹದಿನೈದು ದಿನ ಚುಚ್ಕೊಳ್ಳಿ, ಓಡೋಕೆ ಶುರು ಮಾಡ್ತೀರ" ಅಂದ. ಸೀಸೆ ತಿರುಗಿಸಿದೆ. ಸಂಶೋಧನೆಗೆ ಮಾತ್ರ, ಮನುಷ್ಯರ ಬಳಕೆಗಲ್ಲ ಅಂತ ಸಣ್ಣಕ್ಷರದಲ್ಲಿ ಇಂಗ್ಲಿಷಿನಲ್ಲಿತ್ತು.

ರಾತ್ರಿ ಕೂತು ಓದಿದೆ. ಅದು 15 ಅಮೈನೋ ಆಮ್ಲಗಳ ಪುಟ್ಟ ಪೆಪ್ಟೈಡ್, ಅಂದರೆ ಪ್ರೋಟೀನಿನ ತುಣುಕಿನಂಥದ್ದು. ಟೆಂಡನ್ ಬೇಗ ಕೂಡಿಕೊಂಡಿದ್ದು ನಿಜ, ಆದರೆ ಇಲಿಗಳಲ್ಲಿ. ಮನುಷ್ಯರ ಮೇಲೆ ನಂಬುವಂಥ ದೊಡ್ಡ ಪರೀಕ್ಷೆ ಆಗಿಲ್ಲ. ಜೊತೆಗೆ 2022ರಿಂದ ಕ್ರೀಡೆಯಲ್ಲಿ ಉದ್ದೀಪನ ಮದ್ದು ತಡೆಯುವ ವಿಶ್ವ ಸಂಸ್ಥೆ ವಾಡಾದ ನಿಷೇಧಿತ ಪಟ್ಟಿಯಲ್ಲಿದೆ, ಪಂದ್ಯ ಇರಲಿ ಬಿಡಲಿ. ಹುಡುಗ ಕಬಡ್ಡಿ ಆಡುವವನು. ಇದು ಅವನಿಗೆ ಗೊತ್ತೇ ಇರಲಿಲ್ಲ. ಇಂಥ ಮಕ್ಕಳಿಗೆ ಇದನ್ನು ಮಾರುವವರನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತೆ.

ಫಿಸಿಯೋ ಹೇಳಿಕೊಟ್ಟ ವ್ಯಾಯಾಮದ ಹಿಂದೆ ಸ್ವೀಡನ್ನಿನ ಮೂಳೆ ಡಾಕ್ಟರ್ ಹಾಕನ್ ಆಲ್‌ಫ್ರೆಡ್ಸನ್ ಇದ್ದಾರೆ. ತಮ್ಮದೇ ಹಿಮ್ಮಡಿ ನೋವಿಗೆ ಆಪರೇಷನ್ ಬೇಕಿತ್ತು, ಟೆಂಡನ್ ಹರಿದೇ ಹೋದರೆ ಆಪರೇಷನ್ ಮಾಡಲೇಬೇಕಾಗುತ್ತೆ ಅಂತ ಭಾರ ಹಾಕುತ್ತಾ ಹೋದರಂತೆ. ಹರಿಯಲಿಲ್ಲ, ವಾಸಿಯಾಯಿತು! 1998ರಲ್ಲಿ 15 ಓಟಗಾರರ ಮೇಲಿನ ಫಲಿತಾಂಶ ಪ್ರಕಟಿಸಿದರು. 12 ವಾರದಲ್ಲಿ ಹದಿನೈದೂ ಜನ ಓಟಕ್ಕೆ ಮರಳಿದ್ದರು. ಆಮೇಲೆ ಬೇರೆಯವರು ಮಾಡಿ ನೋಡಿದಾಗ ಎಲ್ಲರಿಗೂ ಅಷ್ಟು ಚೆನ್ನಾಗಿ ಆಗಿಲ್ಲ. ಆದರೂ ಬಹಳ ಜನರಿಗೆ ಗುಣ ಸಿಕ್ಕಿದೆ.

ನಾನು ಮಾಡಿದ್ದು ಮನೆ ಬಾಗಿಲ ಮೆಟ್ಟಿಲ ಮೇಲೆ. ಅಂಗಾಲಿನ ಮುಂಭಾಗ ಮಾತ್ರ ಅಂಚಿನ ಮೇಲೆ, ಹಿಮ್ಮಡಿ ಹೊರಗೆ. ಎರಡೂ ಕಾಲಲ್ಲಿ ಮೇಲೇಳುವುದು, ಭಾರವೆಲ್ಲ ನೋವಿರುವ ಕಾಲಿಗೆ ಹಾಕಿ ನಿಧಾನವಾಗಿ ಹಿಮ್ಮಡಿಯನ್ನು ಮೆಟ್ಟಿಲಿಗಿಂತ ಕೆಳಗೆ ಇಳಿಸುವುದು. ಮತ್ತೆ ಮೇಲೇಳಲು ಇನ್ನೊಂದು ಕಾಲು. ಮಂಡಿ ನೆಟ್ಟಗಿಟ್ಟು 15ರಂತೆ 3 ಸಲ, ಮಂಡಿ ಬಗ್ಗಿಸಿ ಅಷ್ಟೇ, ಬೆಳಿಗ್ಗೆ ಸಂಜೆ. ದಿನಕ್ಕೆ 180.

ಮೊದಲ ಎರಡು ವಾರ ಮೀನಖಂಡ ಕಲ್ಲಾಗಿತ್ತು. ತಡೆದುಕೊಳ್ಳುವಷ್ಟು ನೋವಾದರೆ ನಿಲ್ಲಿಸಬೇಡಿ ಅಂದಿದ್ದರು, ನಿಲ್ಲಿಸಲಿಲ್ಲ. ಐದನೇ ವಾರ ನೋವೇ ಬರಲಿಲ್ಲ. ಅಂದರೆ ಭಾರ ಸಾಲದು ಅಂತ ಅರ್ಥ. ಮಗನ ಸ್ಕೂಲ್ ಬ್ಯಾಗಿಗೆ ಐದು ಕಿಲೋ ರಾಗಿ ಹಿಟ್ಟು ತುಂಬಿ ಬೆನ್ನಿಗೆ ಹಾಕಿಕೊಂಡೆ.

ಎಂಟನೇ ವಾರ ಕೆರೆ ಏರಿ ಮೇಲೆ ಎರಡು ನಿಮಿಷ ಓಟ, ಎರಡು ನಿಮಿಷ ನಡಿಗೆ. ಬೆಟ್ಟಕ್ಕೆ ಹೋಗಿದ್ದು ಐದು ತಿಂಗಳಾದ ಮೇಲೆ. ಅವತ್ತು ನಂದಿವರೆಗೆ ಮಾತ್ರ ಹತ್ತಿದೆ, ಸುಮಾರು 700 ಮೆಟ್ಟಿಲು. ಮರುದಿನ ಬೆಳಿಗ್ಗೆ ಹಿಮ್ಮಡಿ ಸ್ವಲ್ಪ ಬಿಗಿಯಾಗಿತ್ತು. ಚುಳ್ ಅನ್ನಲಿಲ್ಲ.