ಟರ್ಬೊ ಹೋಯ್ತಾ? ಇಂಜಿನ್ ಇಳಿಸ್ಬೇಕಿಲ್ಲ ಮಾರಾಯ್ರೆ

ಕಾಸರಗೋಡಿನ ಪೆರ್ಲ ದಾಟಿ ಅಡ್ಕಸ್ಥಳದ ಕಡೆ ಹೋಗುವಾಗ ಒಂದು ಏರು ಬರುತ್ತದೆ. ಹಿಂದಿನ ಸೀಟಿನಲ್ಲಿ ಎರಡು ಗೋಣಿ ಅಡಿಕೆ ಇತ್ತು. ಎರಡನೇ ಗೇರಿಗೆ ಇಳಿಸಿದರೂ ಕಾರು ಎಳೆಯಲೊಲ್ಲದು. ಕನ್ನಡಿಯಲ್ಲಿ ನೋಡಿದರೆ ಹಿಂದೆ ನೀಲಿ ಹೊಗೆ. ಗ್ಯಾರೇಜಿಗೆ ಒಯ್ದೆ. "ಟರ್ಬೊ ಹೋಗಿದೆ, ಇಂಜಿನ್ ಇಳಿಸ್ಬೇಕು" ಅಂದರು. ಟರ್ಬೊ ಅಂದರೆ ಸೈಲೆನ್ಸರಿಗೆ ಹೋಗುವ ಹೊಗೆಯ ಬಲದಲ್ಲಿ ತಿರುಗಿ ಇಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಪಂಪು. ಅವರು ಹೇಳಿದ ಮೊತ್ತ ಕೇಳಿ ಮಂಡೆಬಿಸಿಯಾಯಿತು.

ಕುಂಬಳೆ ಕಡೆಯ ಹಳೆಯ ಮೆಕ್ಯಾನಿಕ್ ಒಬ್ಬರನ್ನು ಕೇಳಿದೆ. ನಾವು ಅವರನ್ನು ಇಚ್ಚ ಅನ್ನುವುದು. "ಇಚ್ಚಾ, ಇಂಜಿನ್ ಇಳಿಸ್ಲೇಬೇಕಾ?" ಅವರು ಬಾನೆಟ್ ಎತ್ತಿ, ಟಾರ್ಚ್ ಹಾಕಿ ನೋಡಿ ನಕ್ಕರು. "ಎಂತಕ್ಕೆ? ಕೈ ಹೋಗುವಷ್ಟು ಜಾಗ ಮಾಡಿ, ಸಾಕು."

ಕಾರಿನ ಟರ್ಬೊ ಎಲ್ಲಿದೆ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ. ರೇಡಿಯೇಟರ್ ಕಡೆ, ಅಂದರೆ ಇಂಜಿನ್ನಿನ ಮುಂದೆ ಇದ್ದರೆ ಮನೆಯಂಗಳದಲ್ಲೇ ಮಾಡಬಹುದು. ಸ್ಪ್ಯಾನರ್ ಹಿಡಿದು ಗೊತ್ತಿದ್ದವರಿಗೆ ಎರಡು ದಿನದ ಕೆಲಸ. ಇಂಜಿನ್ ಮತ್ತು ಡ್ಯಾಶ್‌ಬೋರ್ಡಿನ ನಡುವೆ ಸಿಕ್ಕಿಕೊಂಡಿದ್ದರೆ ಕೆಲವು ಕಾರುಗಳಲ್ಲಿ ಆಕ್ಸಲ್, ಸಬ್‌ಫ್ರೇಮ್ ಎಲ್ಲ ಇಳಿಸಬೇಕಾಗುತ್ತದೆ. ಅಂಥದ್ದಕ್ಕೆ ಮನೆಯಲ್ಲಿ ಕೈ ಹಾಕಬೇಡಿ.

ಮೊದಲು ಟರ್ಬೊನೇ ಹೌದಾ ನೋಡಿ

ಪಿಕಪ್ ಇಲ್ಲ ಅಂದ ಕೂಡಲೇ ಟರ್ಬೊ ಬಿಚ್ಚುವುದಲ್ಲ. ಟರ್ಬೊ ಒತ್ತಿದ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನ ರಬ್ಬರ್ ಪೈಪ್ ಬಿರಿದಿದ್ದರೂ ಪಿಕಪ್ ಹೋಗುತ್ತದೆ, ಆಗ ಹೊಗೆ ಹೆಚ್ಚಾಗಿ ಕಪ್ಪು, ಎಣ್ಣೆ ಸುಡುವಾಗಿನ ನೀಲಿಯಲ್ಲ. ನಮ್ಮ ತೋಟದ ಮನೆಗಳಲ್ಲಿ ಇನ್ನೊಂದು ಕಾರಣ ಉಂಟು: ಇಲಿ. ಟರ್ಬೊವನ್ನು ನಿಯಂತ್ರಿಸುವ, ಬೆರಳಿಗಿಂತ ಸಣ್ಣ ವ್ಯಾಕ್ಯೂಮ್ ಪೈಪನ್ನು ರಾತ್ರಿ ಕಡಿದು ಹಾಕಿದರೆ ಬೆಳಿಗ್ಗೆ ಕಾರು ಎತ್ತಿನ ಗಾಡಿ.

ಇಂಜಿನ್ ತಣಿದ ಮೇಲೆ ಏರ್‌ಫಿಲ್ಟರಿನಿಂದ ಟರ್ಬೊಗೆ ಬರುವ ಪೈಪ್ ಬಿಚ್ಚಿ. ಒಳಗೆ ಪುಟ್ಟ ಫ್ಯಾನಿನಂಥ ಚಕ್ರ ಕಾಣುತ್ತದೆ. ಅದರ ನಡುವಿನ ನಟ್ಟನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿ. ಅಡ್ಡಕ್ಕೆ ಚೂರು ಅಲ್ಲಾಡಿದರೆ ತೊಂದರೆಯಿಲ್ಲ, ಎಣ್ಣೆ ಪದರಕ್ಕೆ ಬಿಟ್ಟ ಜಾಗ ಅದು. ಆದರೆ ಹಿಂದೆ ಮುಂದೆ ಎಳೆದಾಗ ಕೈಗೆ ಗೊತ್ತಾಗುವಷ್ಟು ಆಟ ಇರಬಾರದು. ಚಕ್ರದ ರೆಕ್ಕೆ ಗೋಡೆಗೆ ತಾಗಿದ ಗುರುತಿದ್ದರೆ ಟರ್ಬೊ ಮುಗಿಯಿತು.

ತರಬೇಕಾದ್ದು

ಟರ್ಬೊದ ಮೈಮೇಲೆ ಸಣ್ಣ ತಗಡಿನ ಪಟ್ಟಿಯಲ್ಲಿ ಪಾರ್ಟ್ ನಂಬರ್ ಇರುತ್ತದೆ. ಅದರ ಫೋಟೊ ತೆಗೆದುಕೊಂಡೇ ಮಂಗಳೂರಿನ ಅಂಗಡಿಗೆ ಹೋಗಿ. ಕಾರಿನ ಹೆಸರು, ವರ್ಷ ಮಾತ್ರ ಹೇಳಿದರೆ ತಪ್ಪು ಮಾಲು ಬರಬಹುದು. ಒಳಗಿನ ಕಾರ್ಟ್ರಿಜ್ (ಶಾಫ್ಟು, ಚಕ್ರ, ಬೇರಿಂಗ್ ಇರುವ ನಡುಭಾಗ) ಮಾತ್ರ ಬದಲಿಸಿದರೆ ಅಗ್ಗ, ನಿಜ. ಆದರೆ ನಿಮ್ಮದು ಹೊಗೆಯ ದಾರಿಯಲ್ಲಿರುವ ಸಣ್ಣ ರೆಕ್ಕೆಗಳು, ಅಂದರೆ ವೇನ್, ತಿರುಗುವ ವಿಜಿಟಿ ಟರ್ಬೊ ಆದರೆ ಅದನ್ನು ಮೆಷಿನ್ನಿಗೆ ಹಾಕಿ ಸೆಟ್ ಮಾಡಬೇಕು. ಮನೆಯಲ್ಲಿ ಆಗುವುದಿಲ್ಲ, ಇಡೀ ಟರ್ಬೊವನ್ನೇ ತನ್ನಿ.

ಜೊತೆಗೆ ಗ್ಯಾಸ್ಕೆಟ್ ಸೆಟ್, ಹೊಸ ತಾಮ್ರದ ವಾಷರ್, ಹೊಸ ಸ್ಟಡ್ಡು (ತಲೆಯಿಲ್ಲದ ಬೋಲ್ಟು), ನಟ್ಟು, ಇಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಏರ್‌ಫಿಲ್ಟರ್. ಮತ್ತೆ ಟರ್ಬೊಗೆ ಎಣ್ಣೆ ತರುವ ಪೈಪ್. ಇದನ್ನು ಮರೆಯಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ, ನಾನು ಹಣ ಕೊಟ್ಟು ಕಲಿತ ಪಾಠ ಅದು.

ಬಿಚ್ಚುವುದು

ನಮ್ಮದು ಕಡಲ ಬದಿಯ ಜಿಲ್ಲೆ. ಉಪ್ಪುಗಾಳಿ, ಮಳೆ, ಸೈಲೆನ್ಸರಿನ ಬಿಸಿ ಮೂರೂ ಸೇರಿ ನಟ್ಟುಗಳನ್ನು ತುಕ್ಕಿನ ಮುದ್ದೆ ಮಾಡಿರುತ್ತವೆ. ಹಿಂದಿನ ದಿನ ಸಂಜೆಯೇ ಎಲ್ಲ ನಟ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಬೆಳಿಗ್ಗೆ ಇನ್ನೊಮ್ಮೆ. ಆರು ಮೂಲೆಯ ಸಾಕೆಟ್ಟನ್ನೇ ಬಳಸಿ. ಸ್ವಲ್ಪ ಸಡಿಲಿಸಿ, ಮತ್ತೆ ಸ್ವಲ್ಪ ಬಿಗಿ ಮಾಡಿ, ಮತ್ತೆ ಸಡಿಲಿಸಿ. ಅವಸರ ಮಾಡಿದರೆ ಸ್ಟಡ್ಡು ತುಂಡಾಗುತ್ತದೆ. ತುಂಡಾದರೂ ಹೊರಗೆ ಒಂದಿಷ್ಟು ಉಳಿದಿದ್ದರೆ ಎರಡು ನಟ್ಟು ಹಾಕಿ ಒಂದಕ್ಕೊಂದು ಬಿಗಿದು ತಿರುಗಿಸಿ ತೆಗೆಯಬಹುದು. ಮಟ್ಟಸವಾಗಿ ಮುರಿದರೆ ವೆಲ್ಡಿಂಗಿನವರನ್ನು ಕರೆಯಿರಿ, ಡ್ರಿಲ್ ಹಿಡಿದು ಹಟ ಮಾಡಬೇಡಿ.

ಬ್ಯಾಟರಿಯ ನೆಗೆಟಿವ್ ವಯರ್ ತೆಗೆಯಿರಿ. ಕಾರನ್ನು ಜಾಕಿಯಲ್ಲಿ ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿ. ನಮ್ಮಲ್ಲಿ ಎಲ್ಲರ ಮನೆ ಹಿಂದೆಯೂ ಕೆಂಪುಕಲ್ಲು ಬಿದ್ದಿರುತ್ತದೆ, ಅದನ್ನೇ ಅಡಿಗೆ ಇಟ್ಟು ನುಗ್ಗುವವರನ್ನು ನೋಡಿದ್ದೇನೆ. ಗೋಡೆಗೆ ಆಗುವ ಕಲ್ಲು ಕಾರಿಗೆ ಆಗದು, ಹೇಳದೆ ಕೇಳದೆ ಒಡೆಯುತ್ತದೆ.

ಇನ್ನು ಜಾಗ ಮಾಡುವ ಕೆಲಸ. ಏರ್‌ಫಿಲ್ಟರ್ ಡಬ್ಬ, ಇಂಟರ್‌ಕೂಲರ್ ಪೈಪುಗಳು, ರೇಡಿಯೇಟರ್ ಫ್ಯಾನ್, ಬಿಸಿ ತಡೆಯುವ ತಗಡು, ಇವಿಷ್ಟು ತೆಗೆದರೆ ಕೈ ಒಳಗೆ ಹೋಗುತ್ತದೆ. ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಬೋಲ್ಟುಗಳನ್ನು ನಾನು ಅಡಿಕೆ ಹಾಳೆಯ ತಟ್ಟೆಗಳಲ್ಲಿ ಇಟ್ಟೆ. ಒಂದೊಂದು ಜಾಗದ್ದಕ್ಕೆ ಒಂದೊಂದು ತಟ್ಟೆ, ಅಂಚಿನಲ್ಲಿ ಪೆನ್ನಿನಿಂದ ಹೆಸರು. ಊಟ ಮುಗಿದ ಮನೆಯಂತೆ ಕಂಡರೂ ಒಂದು ನಟ್ಟೂ ಕಳೆಯಲಿಲ್ಲ.

ಆಮೇಲೆ ಎಣ್ಣೆ ಬರುವ ಪೈಪ್, ಎಣ್ಣೆ ಇಳಿಯುವ ಪೈಪ್, ಕೂಲೆಂಟ್ ಪೈಪಿದ್ದರೆ ಅದು, ಕೆಳಗೆ ಸೈಲೆನ್ಸರಿನ ಕಡೆಯ ಜೋಡಣೆ. ಕೊನೆಗೆ ಟರ್ಬೊ. ಕೆಲವು ಕಾರುಗಳಲ್ಲಿ ಇಂಜಿನ್ನಿನಿಂದ ಹೊಗೆ ತರುವ ಕವಲು ಪೈಪ್, ಅಂದರೆ ಮ್ಯಾನಿಫೋಲ್ಡ್ ಸಮೇತ ತೆಗೆಯುವುದೇ ಸುಲಭ. ಹೊರಗೆ ಎತ್ತುವಾಗ ಟರ್ಬೊದ ಒತ್ತಡ ಹಿಡಿತದಲ್ಲಿಡುವ ಆ್ಯಕ್ಚುಯೇಟರಿನ ಕಡ್ಡಿ ಹಿಡಿದು ಎತ್ತಬೇಡಿ, ಅದು ಹಿಡಿಕೆಯಲ್ಲ. ತೆರೆದ ತೂತುಗಳಿಗೆಲ್ಲ ಶುದ್ಧ ಬಟ್ಟೆ ತುರುಕಿ. ಎಷ್ಟು ಬಟ್ಟೆ ಅಂತ ಬರೆದಿಟ್ಟುಕೊಳ್ಳಿ.

ಹಳೆಯದು ಸತ್ತದ್ದು ಯಾಕೆ?

ಹೆಚ್ಚಿನವರು ಈ ಪ್ರಶ್ನೆ ಕೇಳುವುದೇ ಇಲ್ಲ. ನಾನೂ ಕೇಳಲಿಲ್ಲ.

ಸಣ್ಣ ಕಾರಿನ ಟರ್ಬೊ ನಿಮಿಷಕ್ಕೆ 2 ಲಕ್ಷ ಸುತ್ತಿನವರೆಗೂ ತಿರುಗುತ್ತದೆ. ಹೆಚ್ಚಿನವುಗಳಲ್ಲಿ ಬಾಲ್ ಬೇರಿಂಗ್ ಇಲ್ಲ, ಶಾಫ್ಟು ಎಣ್ಣೆಯ ತೆಳು ಪದರದ ಮೇಲೆ ತೇಲುತ್ತಿರುತ್ತದೆ. ಎಣ್ಣೆ ಕೆಲವು ಸೆಕೆಂಡು ತಪ್ಪಿದರೂ ಲೋಹಕ್ಕೆ ಲೋಹ ಉಜ್ಜುತ್ತದೆ. ಏರು ಹತ್ತಿಸಿ ಬಂದು ತಕ್ಷಣ ಬಂದ್ ಮಾಡುವ ಅಭ್ಯಾಸ ಇದ್ದರೆ, ಆ ಬಿಸಿಗೆ ಒಳಗೆ ನಿಂತ ಎಣ್ಣೆ ಸುಟ್ಟು ಕರಕಲಾಗುತ್ತದೆ. ಅದು ಪೈಪಿನೊಳಗೆ ಪದರ ಪದರವಾಗಿ ಕೂರುತ್ತದೆ.

ನಾನು ಮೊದಲ ಸಲ ಹೊಸ ಟರ್ಬೊ ಹಾಕಿದಾಗ ಹಳೆ ಎಣ್ಣೆ ಪೈಪನ್ನೇ ಒರೆಸಿ ಹಾಕಿದೆ. ಊದಿ ನೋಡಿದ್ದೆ, ಗಾಳಿ ಹೋಗುತ್ತಿತ್ತಲ್ವಾ! ಮೂರೇ ವಾರ. ಮತ್ತೆ ಅದೇ ನೀಲಿ ಹೊಗೆ. ಇಚ್ಚ ಆ ಪೈಪನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ತೋರಿಸಿದರು. ಒಳಗೆ ಉಳಿದಿದ್ದ ತೂತು ಊದುಬತ್ತಿಯ ಕಡ್ಡಿಯಷ್ಟು. "ನೀವು ಟರ್ಬೊ ಬದ್ಲಿಸಿದ್ರಿ, ರೋಗ ಹಾಗೇ ಬಿಟ್ರಿ" ಅಂದರು. ನಾನು ಏನೂ ಹೇಳಲಿಲ್ಲ.

ಆದ್ದರಿಂದ ಹಳೆ ಟರ್ಬೊವನ್ನು ಬಿಚ್ಚಿ ನೋಡಿ. ಶಾಫ್ಟು ಸುಟ್ಟು ನೀಲಿ, ಕಪ್ಪು ಆಗಿದ್ದರೆ ಎಣ್ಣೆ ತಲುಪಿಲ್ಲ. ಗೀರು ಬಿದ್ದಿದ್ದರೆ ಎಣ್ಣೆ ಕೊಳಕು. ಗಾಳಿ ಕಡೆಯ ರೆಕ್ಕೆ ಸವೆದಿದ್ದರೆ ಏರ್‌ಫಿಲ್ಟರ್ ದಾಟಿ ಧೂಳು ಬಂದಿದೆ. ಎಣ್ಣೆ ಪೈಪಿನ ಬೋಲ್ಟಿನೊಳಗೆ ಕೆಲವು ಕಾರುಗಳಲ್ಲಿ ಸಣ್ಣ ಜಾಲರಿ ಇರುತ್ತದೆ, ಅದನ್ನೂ ನೋಡಿ. ಇಳಿಯುವ ಪೈಪ್ ಕಟ್ಟಿದ್ದರೂ, ಇಂಜಿನ್ನಿನ ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಕಟ್ಟಿದ್ದರೂ ಹೊಚ್ಚ ಹೊಸ ಟರ್ಬೊ ಕೂಡ ಎಣ್ಣೆ ಕಕ್ಕುತ್ತದೆ.

ಇಂಟರ್‌ಕೂಲರನ್ನು ಕಡ್ಡಾಯವಾಗಿ ಇಳಿಸಿ. ಅದರಲ್ಲಿ ಎಣ್ಣೆ ನಿಂತಿರುತ್ತದೆ. ಡೀಸೆಲ್ ಇಂಜಿನ್ ಆ ಎಣ್ಣೆಯನ್ನೇ ಕುಡಿದು ಓಡಲು ಶುರು ಮಾಡಿದರೆ ಕೀ ತೆಗೆದರೂ ನಿಲ್ಲುವುದಿಲ್ಲ. ಚೆನ್ನಾಗಿ ತೊಳೆದು, ಕವುಚಿ ಹಾಕಿ, ಪೂರ್ತಿ ಒಣಗಿಸಿ. ರೆಕ್ಕೆ ಮುರಿದು ಚೂರುಗಳು ಹೋಗಿದ್ದರೆ ತೊಳೆದು ಪ್ರಯೋಜನವಿಲ್ಲ, ಹೊಸದು ಹಾಕಿ.

ಕೂರಿಸುವುದು

ಬಿಚ್ಚಿದ ಕ್ರಮಕ್ಕೆ ಉಲ್ಟಾ. ಬಟ್ಟೆ ಎಲ್ಲ ಹೊರಗೆ ಬಂತಾ ಎಣಿಸಿ. ಸ್ಟಡ್ಡಿಗೆ ಬಿಸಿ ತಡೆಯುವ ತಾಮ್ರದ ಗ್ರೀಸ್ ಹಚ್ಚಿ, ಕಾರಿನ ಮ್ಯಾನ್ಯುಯಲ್ ಹೇಳಿದ ಲೆಕ್ಕಕ್ಕೆ ಟಾರ್ಕ್ ರೆಂಚಿನಲ್ಲಿ ಬಿಗಿಯಿರಿ. ಎಣ್ಣೆ ಪೈಪಿನ ಗ್ಯಾಸ್ಕೆಟ್ಟಿಗೆ ಸಿಲಿಕಾನ್ ಪೇಸ್ಟ್ ಬೇಡವೇ ಬೇಡ. ಅದರ ಒಂದು ತುಣುಕು ಒಳಗೆ ಹೋದರೆ ಎಣ್ಣೆಯ ದಾರಿ ಬಂದ್.

ಹೊಸ ಎಣ್ಣೆ, ಫಿಲ್ಟರ್ ಹಾಕಿ. ಟರ್ಬೊದ ಎಣ್ಣೆ ತೂತಿಗೆ ಶುದ್ಧ ಎಣ್ಣೆ ಹೊಯ್ದು ಚಕ್ರವನ್ನು ಬೆರಳಲ್ಲಿ ತಿರುಗಿಸಿ. ಎಣ್ಣೆ ಪೈಪನ್ನು ಟರ್ಬೊಗೆ ಸೇರಿಸುವ ಮುಂಚೆ ಅದರ ತುದಿಯನ್ನು ಒಂದು ಬಾಟಲಿಗೆ ಇಳಿಬಿಡಿ. ಬ್ಯಾಟರಿ ಜೋಡಿಸಿ, ಇಂಜೆಕ್ಟರ್‌ಗಳ ವಯರ್ ಕನೆಕ್ಟರ್ ಕಳಚಿ, ಹತ್ತು ಹತ್ತು ಸೆಕೆಂಡು ಸೆಲ್ಫ್ ಹೊಡೆಯಿರಿ. ಬಾಟಲಿಗೆ ಎಣ್ಣೆ ಧಾರೆಯಾಗಿ ಬರಬೇಕು. ಬರದಿದ್ದರೆ ಅಲ್ಲೇ ನಿಲ್ಲಿಸಿ ಕಾರಣ ಹುಡುಕಿ. ಬಂದರೆ ಪೈಪ್ ಸೇರಿಸಿ, ಇನ್ನೊಮ್ಮೆ ಸೆಲ್ಫ್ ಹೊಡೆದು, ಆಮೇಲೆ ಕನೆಕ್ಟರ್ ಹಾಕಿ.

ಸ್ಟಾರ್ಟ್ ಮಾಡುವ ಮೊದಲು ಕಾರನ್ನು ಸ್ಟ್ಯಾಂಡಿನಿಂದ ಇಳಿಸಿ, ಮುಂದೆ ಯಾರೂ ನಿಲ್ಲದಂತೆ ನೋಡಿ. ಡ್ರೈವರ್ ಸೀಟಿನಲ್ಲಿ ಗೊತ್ತಿದ್ದವರೇ ಕೂರಲಿ. ಇಂಜಿನ್ನಿನ ವೇಗ ತಾನಾಗಿ ಏರತೊಡಗಿದರೆ ಬ್ರೇಕ್ ಗಟ್ಟಿ ಒತ್ತಿ, ಟಾಪ್ ಗೇರಿಗೆ ಹಾಕಿ ಕ್ಲಚ್ ಬಿಟ್ಟು ನಿಲ್ಲಿಸಬೇಕು. ಗೇರ್ ಹಾಕಿ ಓಡಿಸುವ ಕಾರಿಗೆ ಮಾತ್ರ ಈ ಉಪಾಯ. ಸರಿಯಾಗಿ ಸ್ಟಾರ್ಟ್ ಆದರೆ ಐದು ನಿಮಿಷ ಸುಮ್ನೆ ಬಿಡಿ, ಆಕ್ಸಿಲರೇಟರ್ ಮುಟ್ಟಬೇಡಿ. ಸೈಲೆನ್ಸರಿನಲ್ಲಿ ಉಳಿದ ಹಳೆ ಎಣ್ಣೆ ಸುಡುವವರೆಗೆ ಹೊಗೆ ಬರುತ್ತದೆ. ಹೆದರಬೇಡಿ, ಓಡಿಸುತ್ತಾ ಕಡಿಮೆಯಾಗಬೇಕು.

ಮೊದಲ ವಾರ ಏರಿನಲ್ಲಿ ಜಾಸ್ತಿ ಎಳೆಯಬೇಡಿ, ಕ್ಲಾಂಪುಗಳನ್ನು ಒಮ್ಮೆ ನೋಡಿ. ರಾತ್ರಿ ಕಾರಿನ ಅಡಿಗೆ ಹಳೆ ಪೇಪರ್ ಹಾಸಿಟ್ಟು, ನೀವು ಮನೆಯೊಳಗೆ ಹೋಗಿ ಮಲಗಿ. ಬೆಳಿಗ್ಗೆ ಅದರ ಮೇಲೆ ಒಂದು ತೊಟ್ಟೂ ಬಿದ್ದಿರದಿದ್ದರೆ ಹಾಳೆ ತಟ್ಟೆಗಳನ್ನು ಒಲೆಗೆ ಹಾಕಬಹುದು.