ಸಿಯಾಟಲ್‌ಗೆ ಹೊರಟಿರೋ ಕೊಡಗಿನವರಿಗೆ: ಪುಸ್ತಕದಂಗಡಿ ಕಡೆ ಒಂದ್ಸಲ ಹೋಗಿ ಬನ್ನಿ

ರಜಕ್ಕೆ ಅಮೆರಿಕದ ಸಿಯಾಟಲ್‌ನಿಂದ ಮಡಿಕೇರಿಗೆ ಬಂದು ಹತ್ತು ದಿನ ಆಯ್ತು, ಮಳೆ ಬಿಟ್ಟಿಲ್ಲ, ಕರೆಂಟು ಬಂದ್ರೆ ಬಂತು ಇಲ್ಲಾಂದ್ರೆ ಇಲ್ಲ, ಇದರ ಮಧ್ಯೆ ಮನೆಗೆ ಬರೋರೆಲ್ಲ ಕೇಳೋದು ಒಂದೇ. ನಮ್ಮ ಮಗಳು ಆಗಸ್ಟಲ್ಲಿ ಸಿಯಾಟಲ್‌ಗೆ ಹೊರಟಿದ್ದಾಳೆ, ನಮ್ಮ ಅಳಿಯಂಗೆ ಅದರ ಹತ್ರದ ರೆಡ್ಮಂಡಲ್ಲಿ ಕೆಲಸ ಆಗಿದೆ, ಏನೇನು ತುಂಬಿಸ್ಕೊಂಡು ಹೋಗ್ಬೇಕು, ಅಕ್ಕಿ ಸಿಗುತ್ತಾ ಅಂತ. ಅಕ್ಕಿ ಸಿಗುತ್ತೆ, ಕುಕ್ಕರೂ ಸಿಗುತ್ತೆ. ಅಲ್ಲಿ ಮಳೆ ಜಾಸ್ತಿ ಅಂತ ಯಾರಾದ್ರೂ ಹೆದರಿಸಿದ್ರೆ ನಕ್ಕುಬಿಡಿ, ಇಡೀ ವರ್ಷಕ್ಕೆ ಬೀಳೋದು ಸುಮಾರು 40 ಇಂಚು, ನಮ್ಮಲ್ಲಿ ಅಷ್ಟನ್ನ ಜುಲೈ ಒಂದೇ ತಿಂಗಳು ಸುರಿದು ಕೈ ತೊಳ್ಕೊಳ್ಳುತ್ತೆ.

ಕಷ್ಟ ಆಗೋದು ಬೇರೆದಕ್ಕೆ. ನವೆಂಬರ್ ಬಂತಂದ್ರೆ ನಾಲ್ಕೂವರೆಗೆಲ್ಲ ಕತ್ತಲು. ಪಕ್ಕದ ಮನೆಯವರ ಹೆಸರು ಗೊತ್ತಿರಲ್ಲ, ಇಲ್ಲಿ ಥರ ಕೊಡೆ ಹೊರಗಿಟ್ಟು ಸೀದಾ ಅಡುಗೆಮನೆಗೆ ಬಂದು ಕಾಫಿ ಕುಡಿದು ಹೋಗೋರು ಇರಲ್ಲ. ಕನ್ನಡ ಸಂಘದ ಯುಗಾದಿ, ರಾಜ್ಯೋತ್ಸವ ಚೆನ್ನಾಗೇ ಇರುತ್ತೆ, ಆದ್ರೆ ಮಧ್ಯದ ತಿಂಗಳು? ಅದರಲ್ಲೂ ಗಂಡನ ಅಥವಾ ಹೆಂಡತಿಯ ಕೆಲಸದ ಮೇಲೆ ಸಿಗೋ ಡಿಪೆಂಡೆಂಟ್ ವೀಸಾದಲ್ಲಿ ಹೋಗಿ ಕೆಲಸ ಮಾಡೋ ಹಾಗಿಲ್ಲದೆ ಮನೇಲಿ ಕೂತಿರೋರಿಗೆ ದಿನ ಹೋಗೋದೇ ಇಲ್ಲ ಮಾರಾಯ್ರೇ. ನನ್ನ ಹೆಂಡತಿ ಮೊದಲ ಚಳಿಗಾಲ ಹಂಗೇ ಕಳೆದಳು. ಆಮೇಲೆ ನಮಗೆ ದಾರಿ ತೋರಿಸಿದ್ದು ಪುಸ್ತಕದಂಗಡಿ, ಅದೂ ಕನ್ನಡ ಪುಸ್ತಕ ಒಂದೂ ಇಲ್ಲದ ಅಂಗಡಿ.

ಅಮೆಜಾನ್ ಶುರುವಾಗಿದ್ದೇ ಆ ಊರ ಕಡೆ, 1994ರಲ್ಲಿ ಬೆಲ್‌ವ್ಯೂನಲ್ಲಿ, ಮೊದಲು ಮಾರಿದ್ದೂ ಪುಸ್ತಕಾನೇ. ಅಷ್ಟಾದ್ರೂ ಅಲ್ಲಿ ಚೈನ್ ಅಲ್ಲದ, ಸ್ಥಳೀಯರೇ ನಡೆಸೋ ಅಂಗಡಿಗಳು ಗಟ್ಟಿಯಾಗಿ ನಿಂತಿವೆ. ಎಲಿಯಟ್ ಬೇ ಬುಕ್ ಕಂಪನಿ 1973ರದ್ದು, 2010ರಲ್ಲಿ ಕ್ಯಾಪಿಟಲ್ ಹಿಲ್‌ಗೆ ಬಂತು, ಲೈಟ್ ರೈಲ್ ಇಳಿದು ನಡ್ಕೊಂಡೇ ಹೋಗ್ಬಹುದು, ಕಾರು ತಗೊಂಡು ಹೋದ್ರೆ ಪಾರ್ಕಿಂಗ್ ಹುಡುಕೋದ್ರಲ್ಲೇ ಅರ್ಧ ಕಾರ್ಯಕ್ರಮ ಮುಗಿದಿರುತ್ತೆ. ಊರಿನ ಉತ್ತರಕ್ಕಿರೋ ಬಾತೆಲ್ ಕಡೆ ಮನೆ ಮಾಡೋರಿಗೆ ಲೇಕ್ ಫಾರೆಸ್ಟ್ ಪಾರ್ಕಿನ ಥರ್ಡ್ ಪ್ಲೇಸ್ ಬುಕ್ಸ್ ಹತ್ರ. ಮನೆ ಒಂದನೇ ಜಾಗ, ಆಫೀಸು ಎರಡನೇದು, ಇವೆರಡೂ ಅಲ್ಲದೆ ಜನ ಸುಮ್ನೆ ಬಂದು ಸೇರೋ ಮೂರನೇ ಜಾಗ ಒಂದು ಬೇಕು ಅಂತ ರೇ ಓಲ್ಡನ್‌ಬರ್ಗ್ ಅನ್ನೋ ಸಮಾಜಶಾಸ್ತ್ರಜ್ಞರು ಹೇಳಿದ್ರಲ್ಲ, ಆ ಹೆಸರೇ ಅಂಗಡಿಗೆ. ಅಲ್ಲಿ ದೊಡ್ಡ ಹಾಲ್, ಟೇಬಲ್ಲು, ಆಳೆತ್ತರದ ಅಲ್ಲದಿದ್ರೂ ಮಕ್ಕಳು ಎರಡು ಕೈಲಿ ಎತ್ತಿ ಇಡೋ ಅಷ್ಟು ದೊಡ್ಡ ಚೆಸ್ ಕಾಯಿಗಳು. ಏನೂ ಕೊಳ್ಳದೆ ಎರಡು ಗಂಟೆ ಕೂತ್ರೂ ಯಾರೂ ಎಬ್ಬಿಸಲ್ಲ.

ಲೇಖಕರು ಬರೋ ಕಾರ್ಯಕ್ರಮ ಸಾಮಾನ್ಯವಾಗಿ ಸಂಜೆ ಏಳಕ್ಕೆ. ಏಳು ಅಂದ್ರೆ ಏಳೇ. ನಾನು ನಮ್ಮ ಊರಿನ ಸಾಹಿತ್ಯ ಸಭೆ ಲೆಕ್ಕದಲ್ಲಿ ಏಳೂಮುಕ್ಕಾಲಿಗೆ ಹೋದೆ, ಸ್ವಾಗತ ಭಾಷಣ ನಡೀತಿರುತ್ತೆ ಅಂತ, ನೋಡಿದ್ರೆ ಪ್ರಶ್ನೋತ್ತರ ಮುಗೀತಾ ಇದೆ! ದೀಪ ಬೆಳಗೋದು, ಶಾಲು, ಹಾರ, ಅಧ್ಯಕ್ಷರ ನುಡಿ ಏನೂ ಇಲ್ಲ. ಅಂಗಡಿಯವರು ಎರಡು ಮಾತಾಡ್ತಾರೆ, ಲೇಖಕರು ಸ್ವಲ್ಪ ಓದ್ತಾರೆ, ಇನ್ನೊಬ್ಬರ ಜೊತೆ ಮಾತುಕತೆ, ಆಮೇಲೆ ನಿಮ್ಮ ಪ್ರಶ್ನೆ. ಪ್ರಶ್ನೆ ಅಂದ್ರೆ ಪ್ರಶ್ನೇನೇ ಕೇಳಿ, ನಮ್ಮವರಿಗೆ ಮೈಕ್ ಸಿಕ್ಕಿದ್ರೆ ಅಜ್ಜನ ಕಾಲದಿಂದ ಶುರು ಮಾಡೋ ಚಾಳಿ ಇದೆ, ನನಗೂ ಇತ್ತು.

ತುಂಬಾ ಕಾರ್ಯಕ್ರಮ ಫ್ರೀ, ಆದ್ರೆ ಮೊದಲೇ ಹೆಸರು ಕೊಡೋಕೆ ಹೇಳ್ತಾರೆ. ದೊಡ್ಡ ಹೆಸರಿನವರು ಬಂದ್ರೆ ಟಿಕೆಟ್ಟು, ಟಿಕೆಟ್ಟಲ್ಲೇ ಒಂದು ಪುಸ್ತಕ ಸೇರಿರೋದೂ ಉಂಟು. ಅದನ್ನ ಓದಿ ನೋಡದೆ ಗಂಡ ಹೆಂಡತಿ ಇಬ್ಬರಿಗೂ ತಗೊಂಡು, ಒಂದೇ ದಪ್ಪ ಪುಸ್ತಕದ ಎರಡು ಪ್ರತಿ ಹೊತ್ಕೊಂಡು ಬಂದಿದ್ದೀವಿ. ಸಹಿಗೆ ಸಾಲಲ್ಲಿ ನಿಂತಾಗ ಚಿಕ್ಕ ಅಂಟುಚೀಟಿ ಕೊಡ್ತಾರೆ, ಹೆಸರು ಬರೆಯೋಕೆ. ಕರೆಯೋ ಹೆಸರು ಮಾತ್ರ ಬರೀರಿ! ನಾನು ಅಭ್ಯಾಸಬಲದಿಂದ ಮನೆ ಹೆಸರು ಮೊದಲು ಹಾಕಿದೆ, ಲೇಖಕರು ಅದಕ್ಕೇ ಪ್ರೀತಿಯಿಂದ ಅಂತ ಬರೆದುಕೊಟ್ರು, ಈಗ ಆ ಪುಸ್ತಕ ಜಮ್ಮಾ ಜಾಗದ ಥರ ಇಡೀ ಕುಟುಂಬಕ್ಕೆ ಸೇರಿದ್ದು.

ಇನ್ನೊಂದು, ಪುಸ್ತಕ ಅಲ್ಲೇ ಕೊಳ್ಳಿ. ಫ್ರೀಯಾಗಿ ಕುರ್ಚಿ ಹಾಕಿ ಕೂರಿಸೋ ಖರ್ಚು ಅವರಿಗೆ ಹುಟ್ಟೋದು ಆ ಮಾರಾಟದಿಂದ. ಅಂಗಡಿಯಲ್ಲಿ ನಿಂತ್ಕೊಂಡೇ ಫೋನಲ್ಲಿ ಕಮ್ಮಿ ರೇಟು ನೋಡೋದು ಬೇಡ, ನೋಡೋರಿಗೆ ನಾಚಿಕೆ ಆಗುತ್ತೆ. ಕೈ ಬಿಗಿ ಇದ್ರೆ ಹಳೇ ಪುಸ್ತಕದ ಕಪಾಟು ಇರೋ ಅಂಗಡಿಗೆ ಹೋಗಿ. ಏಪ್ರಿಲ್ ಕೊನೇ ಶನಿವಾರ ಇಂಡಿಪೆಂಡೆಂಟ್ ಬುಕ್‌ಸ್ಟೋರ್ ಡೇ, ಆವಾಗ ಪಾಸ್‌ಪೋರ್ಟ್ ಅಂತ ಒಂದು ಕಾರ್ಡ್ ಕೊಡ್ತಾರೆ, ಅಂಗಡಿ ಅಂಗಡಿಗೆ ಹೋಗಿ ಮುದ್ರೆ ಹಾಕಿಸ್ಕೊಂಡು ಎಲ್ಲಾ ಮುಗಿಸಿದವರಿಗೆ ವರ್ಷಪೂರ್ತಿ ರಿಯಾಯಿತಿ. ಹೊಸ ಊರು ಸುತ್ತೋಕೆ ಇದಕ್ಕಿಂತ ಒಳ್ಳೆ ನೆಪ ಇಲ್ಲ.

ನನ್ನ ಹೆಂಡತಿ ಸೇರಿದ್ದು ಬುಕ್ ಕ್ಲಬ್ಬಿಗೆ. ತಿಂಗಳಿಗೊಂದು ಪುಸ್ತಕ, ಪೂರ್ತಿ ಓದಿರದಿದ್ರೂ ಯಾರೂ ಬೈಯಲ್ಲ. ಇಂಗ್ಲಿಷ್ ಮಾತಾಡೋಕೆ ಹಿಂಜರಿತಿದ್ದೋಳು ಮೂರು ತಿಂಗಳು ಬರೀ ಕೇಳಿದಳು, ನಾಲ್ಕನೇ ತಿಂಗಳು ಒಂದು ಪಾತ್ರದ ಅತ್ತೆ ಬಗ್ಗೆ ಶುರು ಮಾಡಿದ್ದು ನಿಲ್ಲಿಸ್ಲೇ ಇಲ್ಲ. ಅವಳ ಮೊದಲ ಸ್ನೇಹಿತೆ ಅಲ್ಲೇ ಸಿಕ್ಕಿದ್ದು, ಎಪ್ಪತ್ತು ದಾಟಿದ ಒಬ್ಬ ಅಮ್ಮ, ಈಗ ಪುತ್ತರಿ ಹಬ್ಬಕ್ಕೆ ನಮ್ಮ ಮನೆಗೆ ಬಂದು ತಂಬಿಟ್ಟು ತಿಂದು ಹೋಗ್ತಾರೆ. ಚಿಕ್ಕ ಮಕ್ಕಳಿದ್ರೆ ಬೆಳಗಿನ ಕಥೆ ಓದೋ ಕಾರ್ಯಕ್ರಮಕ್ಕೆ ಕರ್ಕೊಂಡು ಹೋಗಿ, ಅಲ್ಲಿ ಅಪ್ಪ ಅಮ್ಮಂದಿರ ಪರಿಚಯ ತಾನಾಗೇ ಆಗುತ್ತೆ.

ಕನ್ನಡ ಒಂದೂ ಇಲ್ಲ ಅಂದೆನಲ್ಲ, ಇಂಗ್ಲಿಷ್ ಅನುವಾದದ ಮಟ್ಟಿಗೆ ಅದು ಬದಲಾಯ್ತು. 2025ರ ಮೇನಲ್ಲಿ ಬಾನು ಮುಷ್ತಾಕ್ ಅವರ ಕಥೆಗಳ ಅನುವಾದ ಹಾರ್ಟ್ ಲ್ಯಾಂಪ್‌ಗೆ ಇಂಟರ್ನ್ಯಾಷನಲ್ ಬೂಕರ್ ಪ್ರಶಸ್ತಿ ಬಂತು, ಅನುವಾದಕಿ ದೀಪಾ ಭಾಸ್ತಿ ನಮ್ಮ ಮಡಿಕೇರಿಯವರೇ, 50,000 ಪೌಂಡು ಇಬ್ಬರಿಗೂ ಸಮಪಾಲು. ಕನ್ನಡ ಪದಗಳನ್ನ ಓರೆ ಅಕ್ಷರದಲ್ಲಿ ಹಾಕದೆ, ಅಡಿಟಿಪ್ಪಣಿ ಕೊಡದೆ ಹಂಗೇ ಬಿಟ್ಟಿದ್ದಾರೆ ಅವರು. ಅದಾದ ಮೇಲೆ ಪುಸ್ತಕದಂಗಡಿಯ ಎದುರಿನ ಮೇಜಿನ ಮೇಲೆ ಆ ಪುಸ್ತಕ ಮುಖ ಮೇಲೆ ಮಾಡಿ ಇಟ್ಟಿದ್ದು ಕಂಡಾಗ ಕೌಂಟರಿನ ಹುಡುಗನಿಗೆ, ಇದನ್ನ ಅನುವಾದ ಮಾಡಿದೋರು ನಮ್ಮೂರವರು ಅಂತ ಹೇಳಿಬಿಟ್ಟೆ, ಅವನು ಊರೆಲ್ಲಿ ಅಂದ, ಅಲ್ಲಿಂದ ಕಾಫಿ, ಕಾವೇರಿ ಎಲ್ಲಾ ಬಂತು, ನನ್ನ ಹಿಂದೆ ಸಾಲು ಬೆಳೀತು.

ಹಾಗಾಗಿ ಅಂಗಡಿಯಲ್ಲಿ ಕನ್ನಡದಿಂದ ಬಂದ ಪುಸ್ತಕ ಕಾಣದಿದ್ರೆ ಕೇಳಿ, ಒಂದು ಪ್ರತಿಯಾದ್ರೂ ತರಿಸಿಕೊಡ್ತಾರೆ, ನಾಲ್ಕು ಜನ ಕೇಳಿದ್ರೆ ಕಪಾಟಲ್ಲೇ ಇಡ್ತಾರೆ. ನಮ್ಮ ಲೇಖಕರು ಆ ಕಡೆ ಬರೋ ಸುದ್ದಿ ಇದ್ರೆ ಕಾರ್ಯಕ್ರಮ ನೋಡ್ಕೊಳ್ಳೋರಿಗೆ ತಿಂಗಳುಗಟ್ಟಲೆ ಮುಂಚೆ ಬರೀರಿ, ಇಷ್ಟು ಜನ ಖಂಡಿತ ಬರ್ತೀವಿ ಅಂತ ಸೇರಿಸಿ, ಹೇಳಿದಷ್ಟು ಜನಾನ ಕರ್ಕೊಂಡೂ ಹೋಗಿ.

ಸೂಟ್‌ಕೇಸ್ ವಿಷಯ ಕೇಳಿದ್ರಲ್ಲ, ಬಟ್ಟೆ ಕಮ್ಮಿ ಮಾಡಿ ನಾಲ್ಕು ಕನ್ನಡ ಪುಸ್ತಕ ಹಾಕ್ಕೊಳ್ಳಿ, ಅಲ್ಲಿ ಸಿಗಲ್ಲ. ಪಂದಿ ಸಾರಿಗೆ ಹಾಕೋ ಕಪ್ಪು ಹುಳಿ, ಕಾಚಂಪುಳಿ ಬಾಟ್ಲಿ ಮಾತ್ರ ಬೇರೆ ಪೆಟ್ಟಿಗೇಲಿ ಇಡಿ, ನನ್ನ ಒಂದು ಕಥಾಸಂಕಲನ ಈಗಲೂ ಆ ಸಾರಿನ ವಾಸನೆ ಹೊಡೀತಿದೆ.